ಉಪಮೆ ಗೊತ್ತು, ಆದರೆ ಪ್ರಬಂಧದಲ್ಲಿ ಎಲ್ಲಿಡೋದು? ಅಲಂಕಾರ ಮತ್ತು ತರ್ಕದ ಪದಗಳನ್ನು ಕೆಲಸಕ್ಕೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಹೈಸ್ಕೂಲಿನಲ್ಲಿ ಕನ್ನಡ ಓದಿದ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ಲಕ್ಷಣ ಬರೆದು, ಸಮನ್ವಯ ಮಾಡಿ, ಅಂಕ ತಗೊಂಡವರೇ ಎಲ್ಲರೂ. ಅದೇ ಜನಕ್ಕೆ ಒಂದು ಪ್ರಬಂಧ ಬರೆಯಿರಿ ಅನ್ನಿ, ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರು ಮಾಡುತ್ತಾರೆ. ಕಲಿತ ಅಲಂಕಾರ ಒಂದು ದಡ, ಬರೆಯುವ ಕೈ ಇನ್ನೊಂದು ದಡ.

ನಾನೂ ಹಾಗೇ ಇದ್ದೆ, ಆದರೆ ನನ್ನದು ಉಲ್ಟಾ ರೋಗ. ಕಾಲೇಜಿನಲ್ಲಿದ್ದಾಗ ಒಂದು ಸ್ಪರ್ಧೆಗೆ ನಮ್ಮೂರ ಕೆರೆ ಬಗ್ಗೆ ಬರೆದಿದ್ದೆ. ಮೊದಲ ಪುಟದಲ್ಲೇ ಕೆರೆ ಕನ್ನಡಿಯಂತೆ, ತಾಯಿಯಂತೆ, ಊರಿನ ಕಣ್ಣಿನಂತೆ, ಹಾಸಿದ ನೀಲಿ ಸೀರೆಯಂತೆ ಇತ್ತು. ತಿದ್ದಿದ ಮೇಷ್ಟ್ರು ಅಂಚಿನಲ್ಲಿ ಎರಡೇ ಪದ ಬರೆದು ವಾಪಸ್ ಕೊಟ್ಟರು: ‘ಕೆರೆ ಎಲ್ಲಿ?’

ಅದೇ ಕೆರೆಯನ್ನು ಇಟ್ಟುಕೊಂಡು ಇಲ್ಲಿ ಒಂದು ಪ್ರಬಂಧ ಕಟ್ಟೋಣ. ಹೆಜ್ಜೆ ಹೆಜ್ಜೆಗೂ ಯಾವ ಪದ ಯಾವ ಕೆಲಸಕ್ಕೆ ಬರುತ್ತದೆ ಅಂತ ನೋಡೋಣ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪದಗಳಲ್ಲಿ ತರ್ಕದವು ಬರೆಯುವ ಮೊದಲು ಬೇಕು. ಅಲಂಕಾರದವು ಒಂದು ಸಲ ಬರೆದಾದ ಮೇಲೆ, ತಿದ್ದುವಾಗ ಬೇಕು. ಮೊದಲ ಸಲ ಬರೆಯುವಾಗ ಅಲಂಕಾರ ಹುಡುಕುತ್ತಾ ಕೂತರೆ ನನಗಾದ ಗತಿಯೇ ನಿಮಗೂ.

ಶುರು ಮಾಡೋ ಮುಂಚೆ: ಒಂದೇ ಪದ, ಎರಡು ಬಾಳು

ನಮ್ಮ ಕಾವ್ಯಮೀಮಾಂಸೆಯ ಎಷ್ಟೋ ಪದಗಳು ಬೀದಿಗೆ ಬಂದು ಬೇರೆ ಅರ್ಥ ಹೊತ್ತುಕೊಂಡಿವೆ. ‘ಜಾಸ್ತಿ ಉತ್ಪ್ರೇಕ್ಷೆ ಮಾಡಬೇಡ’ ಅಂದರೆ ಇದ್ದದ್ದಕ್ಕೆ ಹತ್ತು ಸೇರಿಸಬೇಡ ಅಂತ ತಾನೆ? ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷೆಯೇ ಬೇರೆ. ಒಂದನ್ನು ಇನ್ನೊಂದು ಅಂತ ಊಹಿಸಿ, ‘ಏನೋ ಎಂಬಂತೆ’ ಅನ್ನುವುದು ಅದು. ಹತ್ತು ಸೇರಿಸುವುದಕ್ಕೆ ಹತ್ತಿರದ ಪದ ಅತಿಶಯೋಕ್ತಿ. ವ್ಯಂಗ್ಯ ಅಂದರೆ ನಮಗೆ ಚುಚ್ಚುಮಾತು, ಶಾಸ್ತ್ರದಲ್ಲಿ ನೇರವಾಗಿ ಹೇಳದೆ ಹೊಳೆಯುವ ಯಾವುದೇ ಅರ್ಥ. ರೂಪಕ ರೇಡಿಯೋದಲ್ಲಿ ಬಂದರೆ ನಾಟಕದಂಥ ಕಾರ್ಯಕ್ರಮ, ವ್ಯಾಕರಣ ಪುಸ್ತಕದಲ್ಲಿ ಬಂದರೆ ಅಲಂಕಾರ. ಪ್ರತಿಮೆ ವೃತ್ತದಲ್ಲಿ ನಿಂತರೆ ವಿಗ್ರಹ, ವಿಮರ್ಶೆಯಲ್ಲಿ ಬಂದರೆ ಮಾತಿನಲ್ಲಿ ಮೂಡುವ ಚಿತ್ರ. ಪ್ರಬಂಧ ಅನ್ನುವ ಪದದ ಕಥೆಯೂ ಅಷ್ಟೆ. ಶಾಲೆಯಲ್ಲಿ ಬರೆಯುವುದೂ ಪ್ರಬಂಧ, ನಗಿಸುತ್ತಾ ಹೋಗುವ ಲಲಿತ ಪ್ರಬಂಧವೂ ಪ್ರಬಂಧ, ಪಿಎಚ್.ಡಿ.ಗೆ ಬರೆಯುವುದು ಮಹಾಪ್ರಬಂಧ. ನೀವು ಬರೆಯುತ್ತಿರುವುದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ, ಯಾಕೆಂದರೆ ಲಲಿತ ಪ್ರಬಂಧದಲ್ಲಿ ದಾರಿ ತಪ್ಪುವುದೇ ಸೊಗಸು, ಪರೀಕ್ಷೆಯ ಪ್ರಬಂಧದಲ್ಲಿ ದಾರಿ ತಪ್ಪಿದರೆ ಅಂಕ ಹೋಗುತ್ತದೆ.

ಹೆಜ್ಜೆ 1: ವಿಷಯದಿಂದ ಪ್ರತಿಜ್ಞೆಗೆ

‘ಕೆರೆ’ ಎನ್ನುವುದು ವಿಷಯ. ವಿಷಯ ಇದ್ದ ಮಾತ್ರಕ್ಕೆ ಹೇಳುವುದಕ್ಕೆ ಏನೋ ಇದೆ ಅಂತಲ್ಲ. ನ್ಯಾಯಶಾಸ್ತ್ರದವರು (ಕೋರ್ಟಿನವರಲ್ಲ, ನಮ್ಮ ಹಳೆಯ ತರ್ಕದವರು) ಇದಕ್ಕೆ ಒಳ್ಳೆಯ ಪದ ಇಟ್ಟಿದ್ದಾರೆ, ಪ್ರತಿಜ್ಞೆ. ಶಾಲೆಯಲ್ಲಿ ಕೈ ಮುಂದೆ ಚಾಚಿ ಹೇಳುತ್ತಿದ್ದ ಪ್ರತಿಜ್ಞೆಯಲ್ಲ ಇದು. ‘ನಾನು ಇದನ್ನು ಸಾಧಿಸಿ ತೋರಿಸುತ್ತೇನೆ’ ಅಂತ ಮುಂದಿಡುವ ಒಂದು ವಾಕ್ಯ. ನಮ್ಮ ಪ್ರಬಂಧಕ್ಕೆ ಅದು ಹೀಗಿರಲಿ: ‘ನಮ್ಮೂರ ಕೆರೆ ಹಾಳಾದದ್ದು ನೋಡಿಕೊಳ್ಳುವವರು ಇಲ್ಲದೆ, ಮಳೆ ಕಡಿಮೆಯಾಗಿ ಅಲ್ಲ.’

ಇದನ್ನು ಒಪ್ಪದವರು ಇದ್ದಾರಾ ಅಂತ ಕೇಳಿಕೊಳ್ಳಿ. ಇದ್ದರೆ ಅದು ಪ್ರತಿಜ್ಞೆ. ‘ಕೆರೆ ನಮಗೆ ಬಹಳ ಮುಖ್ಯ’ ಅಂದರೆ ಬೇಡ ಅನ್ನುವವರು ಯಾರು? ಅಂಥ ವಾಕ್ಯದಿಂದ ಎರಡನೇ ಪುಟ ಹುಟ್ಟುವುದಿಲ್ಲ.

ಹೆಜ್ಜೆ 2: ಐದು ಅವಯವ

ಪ್ಯಾರಾ ಕಟ್ಟುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಅಚ್ಚು ನ್ಯಾಯದವರ ಐದು ಅವಯವ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ಭಾರ, ಕೆಲಸ ಸುಲಭ. ಅವರು ಯಾವಾಗಲೂ ಕೊಡುವ ಉದಾಹರಣೆ ಬೆಟ್ಟ ಮತ್ತು ಹೊಗೆಯದು. ಬೆಟ್ಟದ ಮೇಲೆ ಬೆಂಕಿ ಇದೆ, ಇದು ಪ್ರತಿಜ್ಞೆ. ಯಾಕೆಂದರೆ ಹೊಗೆ ಕಾಣುತ್ತಿದೆ, ಇದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ, ಇದು ಉದಾಹರಣೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ, ಇದು ಉಪನಯ. ಹಾಗಾಗಿ ಬೆಂಕಿ ಇದೆ, ಇದು ನಿಗಮನ.

ಈಗ ಕೆರೆಗೆ ಹಚ್ಚಿ. ನಮ್ಮೂರ ಕೆರೆ ಉಸ್ತುವಾರಿ ಇಲ್ಲದೆ ಹಾಳಾಯಿತು. ಯಾಕೆಂದರೆ ಹೂಳು ತೆಗೆಯುವುದು ನಿಂತಿತು, ನೀರು ಬರುವ ಕಾಲುವೆ ಮುಚ್ಚಿಹೋಯಿತು. ಎಲ್ಲಿ ಹೂಳು ಹಾಗೇ ಬಿಟ್ಟರೋ ಅಲ್ಲಿ ಕೆರೆ ತನ್ನ ಆಳ ಕಳೆದುಕೊಂಡಿದೆ, ಪಕ್ಕದೂರಿನದನ್ನು ನೋಡಿ. ನಮ್ಮ ಕೆರೆಯಲ್ಲೂ ನೀರು ಹೊರಗೆ ಬಿಡುವ ತೂಬಿನ ಕಲ್ಲುಕಂಬ ಅರ್ಧಕ್ಕರ್ಧ ಹೂಳಿನಲ್ಲಿ ಹೂತುಹೋಗಿದೆ. ಹಾಗಾಗಿ ಮಳೆಯನ್ನು ದೂರುವುದು ಸರಿಯಲ್ಲ.

ನಾಲ್ಕನೆಯದನ್ನು ಗಮನಿಸಿ, ಉಪನಯ. ಜನ ಬಿಟ್ಟುಬಿಡುವುದು ಇದನ್ನೇ. ಉದಾಹರಣೆ ಕೊಡುತ್ತಾರೆ, ಸೀದಾ ತೀರ್ಮಾನಕ್ಕೆ ಹಾರುತ್ತಾರೆ. ಆ ಉದಾಹರಣೆ ಈ ಸಂದರ್ಭಕ್ಕೆ ಹೇಗೆ ಕೂರುತ್ತದೆ ಅಂತ ಹೇಳುವ ಒಂದು ಸಾಲು ಇರುವುದಿಲ್ಲ. ತೂಬಿನ ಕಂಬ ಹೂತುಹೋಗಿದೆ ಅನ್ನುವ ಸಾಲು ಇಲ್ಲದಿದ್ದರೆ ಮೇಲಿನ ಪ್ಯಾರಾ ಯಾವ ಊರಿನ ಕೆರೆಗೆ ಬೇಕಾದರೂ ಅಂಟುತ್ತದೆ.

ಇಲ್ಲೊಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. ಅದೇ ತರ್ಕದವರು ಉಲ್ಟಾ ಉದಾಹರಣೆಯನ್ನೂ ಕೊಡುತ್ತಾರೆ: ಎಲ್ಲಿ ಬೆಂಕಿ ಇಲ್ಲವೋ ಅಲ್ಲಿ ಹೊಗೆಯೂ ಇಲ್ಲ, ದೊಡ್ಡ ಕೊಳದಲ್ಲಿ ಇರುವ ಹಾಗೆ. ನೀರಿನಲ್ಲಿ ಬೆಂಕಿಯಾಗಲಿ ಹೊಗೆಯಾಗಲಿ ಇರಲಾರದು ಅನ್ನುವುದು ಅವರಿಗೆ ಅಷ್ಟು ಗಟ್ಟಿ. 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಹೊಗೆ ಎದ್ದಾಗ, ಶತಮಾನಗಳ ಆ ಉದಾಹರಣೆಯೂ ಸುಟ್ಟುಹೋಯಿತು. ಕೆರೆಯ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ ಹೇಳಿ.

ಹೆಜ್ಜೆ 3: ಪೂರ್ವಪಕ್ಷಕ್ಕೆ ಕುರ್ಚಿ ಹಾಕಿ

ಎದುರಾಳಿಯ ವಾದವೇ ಪೂರ್ವಪಕ್ಷ. ನಮ್ಮ ಹಳೆಯ ವಾದಗ್ರಂಥಗಳಲ್ಲಿ ಅದನ್ನು ಮೊದಲು ಹೇಳಿ, ಆಮೇಲೆ ಸಿದ್ಧಾಂತಕ್ಕೆ, ಅಂದರೆ ತಮ್ಮ ತೀರ್ಮಾನಕ್ಕೆ, ಬರುವುದು ರೂಢಿ. ‘ಕೆಲವರು ಮಳೆಯೇ ಕಾರಣ ಎನ್ನುತ್ತಾರೆ, ಅದು ತಪ್ಪು’ ಅಂತ ಒಂದೇ ಸಾಲಿನಲ್ಲಿ ಒದ್ದು ಕಳಿಸಬೇಡಿ. ಎದುರಾಳಿ ಓದಿದರೆ ‘ಹೌದು, ನಾನು ಹೇಳೋದು ಇದನ್ನೇ’ ಅಂತ ತಲೆಯಾಡಿಸಬೇಕು, ಹಾಗೆ ಬರೆಯಿರಿ. ಆಮೇಲೆ ಉತ್ತರ ಕೊಡಿ.

ಉತ್ತರ ಕೊಡುವಾಗ ಹೇತ್ವಾಭಾಸದ ಮೇಲೆ ಕಣ್ಣಿರಲಿ. ಹೇತುವಿನ ವೇಷ ಹಾಕಿಕೊಂಡ ಹುಸಿ ಕಾರಣ ಅದು. ಅಂಥ ತಪ್ಪುಗಳಲ್ಲಿ ಎಲ್ಲರೂ ಬೀಳುವ ಗುಂಡಿ ಕಾಕತಾಳೀಯ, ಅಂದರೆ ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಗಂಟು ಹಾಕುವುದು. ನಮ್ಮ ಆಡುಮಾತಿನಲ್ಲಿ ಹಣ್ಣಿನ ಬದಲು ಕೊಂಬೆ ಮುರಿಯುತ್ತದೆ, ಅಷ್ಟೇ ವ್ಯತ್ಯಾಸ. ‘ಊರಿಗೆ ಬೋರ್‌ವೆಲ್ ಬಂತು, ಆಮೇಲೆ ಕೆರೆ ಬತ್ತಿತು, ಹಾಗಾಗಿ ಬೋರ್‌ವೆಲ್‌ನಿಂದಲೇ ಬತ್ತಿತು’ ಅಂತ ಬರೆದರೆ ಕಾಗೆಯನ್ನು ಕೂರಿಸಿದಿರಿ ಅಂತಲೇ ಲೆಕ್ಕ. ನಡುವಿನ ಕೊಂಡಿ ಏನು ಅಂತ ತೋರಿಸಿ: ಬೋರ್‌ವೆಲ್ ಬಂದ ಮೇಲೆ ಕೆರೆ ನೀರು ಯಾರಿಗೂ ಬೇಡವಾಯಿತು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಕೆಲಸ ಹೋಯಿತು, ತೂಬು ಎತ್ತುವವರಿಲ್ಲ, ಏರಿಯ ಮೇಲೆ ಗಿಡ ಬೆಳೆದರೆ ಕೀಳುವವರಿಲ್ಲ. ಈಗ ಅದು ಕಾರಣ.

ಇದರ ಜೊತೆಗೆ ಸ್ಥಾಲೀಪುಲಾಕ ನ್ಯಾಯ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು. ಚೆನ್ನಾಗಿದೆ, ಆದರೆ ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದಿರಬೇಕು. ಒಂದೂರಿನ ಕೆರೆ ನೋಡಿ ರಾಜ್ಯದ ಕೆರೆಗಳ ಬಗ್ಗೆ ತೀರ್ಪು ಕೊಡುವ ಮುಂಚೆ ಪಾತ್ರೆ ಒಂದೇನಾ ಅಂತ ನೋಡಿ.

ಹೆಜ್ಜೆ 4: ಈಗ ಉಪಮೆ

ಇಷ್ಟೂ ಸಪ್ಪೆಯಾಗಿ ಬರೆದು ಮುಗಿಸಿದಿರಾ? ಒಂದು ರಾತ್ರಿ ಬಿಟ್ಟು ತೆಗೆಯಿರಿ. ಎಲ್ಲಿ ಓದುಗ ‘ಅಂದ್ರೆ ಹೇಗೆ?’ ಅಂತ ಕೇಳುತ್ತಾನೋ ಅಲ್ಲಿ ಉಪಮೆಗೆ ಜಾಗ ಇದೆ. ಬೇರೆ ಕಡೆ ಇಲ್ಲ.

ಶಾಲೆಯ ಆ ನಾಲ್ಕು ಅಂಗ ಇಲ್ಲಿ ಪರೀಕ್ಷಾ ಯಂತ್ರದ ಹಾಗೆ ಕೆಲಸಕ್ಕೆ ಬರುತ್ತವೆ. ಅದರಲ್ಲೂ ಸಮಾನಧರ್ಮ, ಅಂದರೆ ಎರಡರಲ್ಲೂ ಇರುವ ಒಂದೇ ಗುಣ. ‘ಕೆರೆ ಕನ್ನಡಿಯಂತಿತ್ತು.’ ಉಪಮೇಯ ಕೆರೆ, ಉಪಮಾನ ಕನ್ನಡಿ, ವಾಚಕ ‘ಅಂತೆ’. ಸಮಾನಧರ್ಮ? ಬಿಂಬ ತೋರಿಸುವುದು. ಅದಕ್ಕೂ ಉಸ್ತುವಾರಿಗೂ ಏನು ಸಂಬಂಧ? ಇಲ್ಲ. ಹೊಡೆದು ಹಾಕಿ. ‘ಕೆರೆ ಊರಿನ ಕಣಜದಂತೆ’ ಅನ್ನಿ. ಸಮಾನಧರ್ಮ, ಸುಗ್ಗಿಯಲ್ಲಿ ತುಂಬಿ ಕಷ್ಟಕಾಲಕ್ಕೆ ಕೊಡುವುದು. ಕಣಜವನ್ನು ನೋಡಿಕೊಳ್ಳದಿದ್ದರೆ ಹುಳ ಹಿಡಿಯುತ್ತದೆ ಅನ್ನುವುದೂ ಜೊತೆಗೇ ಬರುತ್ತದೆ. ಪ್ರತಿಜ್ಞೆಗೆ ಹೆಗಲು ಕೊಡುವ ಉಪಮೆ ಇದು.

‘ಅಂತೆ’ಯನ್ನು ಕಿತ್ತು ಎರಡನ್ನೂ ಒಂದೇ ಮಾಡಿದರೆ ರೂಪಕ: ‘ಕೆರೆಯೇ ನಮ್ಮ ಕಣಜ.’ ರೂಪಕದ ಕಷ್ಟ ಏನೆಂದರೆ, ಒಂದು ಸಲ ಮನೆಯೊಳಗೆ ಬಿಟ್ಟುಕೊಂಡರೆ ಅದರ ಮರ್ಯಾದೆ ನೋಡಿಕೊಳ್ಳಬೇಕು. ಕಣಜ ಅಂದ ಮೇಲೆ ಬೀಗದಕೈ ನೀರುಗಂಟಿಯ ಹತ್ತಿರ ಇತ್ತು ಅನ್ನಬಹುದು, ಇಲಿ ಹೊಕ್ಕವು ಅನ್ನಬಹುದು. ‘ಕೆರೆ ಎಂಬ ಕಣಜದ ದೀಪ ಆರಿ, ಅದರ ಬೇರು ಒಣಗಿತು’ ಅಂತ ಬರೆದರೆ ಕಣಜಕ್ಕೆ ದೀಪ ಯಾಕೆ, ಬೇರು ಎಲ್ಲಿಂದ ಬಂತು? ನಗಬೇಡಿ, ಇಂಥ ವಾಕ್ಯ ದಿನಾ ಓದುತ್ತೇವೆ.

ಉತ್ಪ್ರೇಕ್ಷೆಯನ್ನು ನಾನು ಒಂದು ಪ್ರಬಂಧಕ್ಕೆ ಒಂದೇ ಸಲ ಬಳಸುತ್ತೇನೆ. ‘ಏರಿಯ ಮೇಲಿನ ಹುಣಸೆಮರ ತನ್ನ ನೆರಳು ಎಲ್ಲಿ ಕಳೆಯಿತು ಅಂತ ಬಗ್ಗಿ ಹುಡುಕುತ್ತಿದೆಯೇನೋ ಎಂಬಂತಿತ್ತು.’ ಹುಡುಕುತ್ತಿಲ್ಲ ಅಂತ ನಮಗೂ ಗೊತ್ತು, ಓದುಗನಿಗೂ ಗೊತ್ತು. ಇನ್ನೊಂದು ಬಂದರೆ ನಾಟಕ ಅನಿಸುತ್ತದೆ.

ಹೆಜ್ಜೆ 5: ಗಾದೆ ಸುಮ್ನೆ ಉದುರಿಸಬೇಡಿ

‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ.’ ದೃಷ್ಟಾಂತಕ್ಕೆ ಮೇಷ್ಟ್ರುಗಳು ಕೊಡುವ ಉದಾಹರಣೆ ಇದು. ಎರಡು ಬೇರೆ ಬೇರೆ ವಾಕ್ಯ, ನಡುವೆ ‘ಅಂತೆ’ ಇಲ್ಲ, ಆದರೂ ಒಂದು ಇನ್ನೊಂದರ ಪ್ರತಿಬಿಂಬ. ಅರ್ಥಾಂತರನ್ಯಾಸ ಅದರ ದಾಯಾದಿ. ಅಲ್ಲಿ ಒಂದು ನಿರ್ದಿಷ್ಟ ಸಂಗತಿ ಹೇಳಿ, ಅದರ ಬೆನ್ನಿಗೆ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾತು ನಿಲ್ಲಿಸುತ್ತೇವೆ. ‘ಕಾಲುವೆ ಮೇಲೆ ಮನೆ ಎದ್ದ ಮೇಲೆ ಸರ್ವೆ ಮಾಡಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.’ ಕ್ರಮ ನೋಡಿ. ಮೊದಲು ಸಂಗತಿ, ಆಮೇಲೆ ಗಾದೆ. ನಮ್ಮಲ್ಲಿ ಜಾಸ್ತಿ ಜನ ಗಾದೆಯಿಂದ ಶುರು ಮಾಡಿ ಅದನ್ನೇ ಒಂದು ಪ್ಯಾರಾ ವಿವರಿಸುತ್ತಾರೆ. ಅದು ಗಾದೆ ವಿಸ್ತರಣೆ, ಬೇರೆ ಪ್ರಶ್ನೆ, ಬೇರೆ ಅಂಕ.

ನುಡಿಗಟ್ಟು ಗಾದೆಗಿಂತ ಚುರುಕು. ಕೆರೆಯ ಉಸಾಬರಿ ಬಿಟ್ಟರು ಅನ್ನುವ ಬದಲು ಕೆರೆಗೆ ಎಳ್ಳುನೀರು ಬಿಟ್ಟರು ಅನ್ನಿ. ನೀರು ಕೊಟ್ಟ ಕೆರೆಗೇ ಎಳ್ಳುನೀರು! ಒಂದು ಪದದಲ್ಲಿ ಎರಡು ಅರ್ಥ ಮಿನುಗಿದರೆ ಶ್ಲೇಷೆ. ಶ್ಲೇಷೆ ಹುಡುಕಿಕೊಂಡು ಹೋದರೆ ಸಿಗುವುದು ಬರೀ ಪನ್ನು. ತಾನಾಗಿ ಬಂದರೆ ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 6: ಬೈಯಬೇಕಾದಾಗ ಹೊಗಳಿ

ಕೆರೆಯ ಪ್ರಬಂಧದಲ್ಲಿ ಸಿಟ್ಟು ಬಂದೇ ಬರುತ್ತದೆ. ಸಿಟ್ಟನ್ನು ನೇರವಾಗಿ ಕಕ್ಕಿದರೆ ಓದುಗ ಪಕ್ಕಕ್ಕೆ ಸರಿಯುತ್ತಾನೆ. ಇದಕ್ಕೆ ಹಿರಿಯರು ಕೊಟ್ಟ ಉಪಾಯ ವ್ಯಾಜಸ್ತುತಿ, ಹೊಗಳುವ ನೆಪದಲ್ಲಿ ತೆಗಳುವುದು. ‘ನಮ್ಮ ರಾಜಧಾನಿಯ ಯೋಜಕರ ಕಾಳಜಿ ಮೆಚ್ಚಬೇಕು. ಈಜು ಬಾರದವರಿಗೆ ತೊಂದರೆ ಆಗಬಾರದು ಅಂತ ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿದರು, ಸಂಪಂಗಿ ಕೆರೆಯಲ್ಲಿ ಓಡುವುದಕ್ಕೆ ಟ್ರ್ಯಾಕ್ ಹಾಕಿಸಿದರು.’ ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣ ಮತ್ತು ಕಂಠೀರವ ಕ್ರೀಡಾಂಗಣ ಎರಡೂ ಇರುವುದು ಹಳೆಯ ಕೆರೆಗಳ ಜಾಗದಲ್ಲೇ, ಹಾಗಾಗಿ ಮಾತು ನಾಟುತ್ತದೆ. ವ್ಯಾಜಸ್ತುತಿಯ ಕೆಳಗೆ ಗಟ್ಟಿ ಸಂಗತಿ ಇಲ್ಲದಿದ್ದರೆ ಅದು ಬರೀ ಕೊಂಕು.

ವಿರೋಧಾಭಾಸವೂ ಹೀಗೇ. ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಮಾತು, ಒಳಹೊಕ್ಕರೆ ನಿಜ. ಬೆಳ್ಳಂದೂರಿನ ವಿಷಯದಲ್ಲಿ ನೀವು ಏನೂ ಹೆಣೆಯಬೇಕಾಗಿಲ್ಲ. ‘ಕೆರೆಗೆ ಬೆಂಕಿ ಬಿತ್ತು’ ಅಂತ ಮೂರು ಪದ ಬರೆದು ಪೂರ್ಣವಿರಾಮ ಹಾಕಿ, ಸಾಕು.

ಹೆಜ್ಜೆ 7: ಕಿವಿಗೆ ಕೇಳಿಸಿಕೊಳ್ಳಿ

ಗಟ್ಟಿಯಾಗಿ ಓದಿ. ಮನೆಯಲ್ಲಿ ಯಾರಾದರೂ ನಕ್ಕರೆ ನಗಲಿ. ಕನ್ನಡ ಗದ್ಯದ ಲಯ ಜಾಸ್ತಿ ಬರುವುದು ಜೋಡುನುಡಿಯಿಂದ (ಕೆರೆಕಟ್ಟೆ, ಹೊಲಗದ್ದೆ, ಹಳ್ಳಕೊಳ್ಳ), ದ್ವಿರುಕ್ತಿಯಿಂದ (ಹನಿ ಹನಿ, ಬೇಗ ಬೇಗ), ಅನುಕರಣಾವ್ಯಯದಿಂದ (ಜುಳುಜುಳು, ದಬದಬ). ಇವು ಮನೆಯ ಮಾತು, ಹಾಗಾಗಿ ಅಲಂಕಾರ ಅಂತ ಗೊತ್ತೇ ಆಗುವುದಿಲ್ಲ. ಅನುಪ್ರಾಸ, ಅಂದರೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು, ಸ್ವಲ್ಪ ಗಲಾಟೆ. ಅದು ಮೂರು ಪದ ದಾಟಿದರೆ ಭಾಷಣ ಆಗುತ್ತದೆ.

ಸಮತೂಕದ ವಾಕ್ಯ ಕಲಿಯಬೇಕೆಂದರೆ ವಿಜಯನಗರ ಕಾಲದ ಒಂದು ಶಾಸನಪದ್ಯ ನೋಡಿ, ‘ಕೆರೆಯಂ ಕಟ್ಟಿಸು ಬಾವಿಯಂ ಸವೆಸು ದೇವಾಗಾರಮಂ ಮಾಡಿಸು’ ಅಂತ ಶುರುವಾಗುವುದು. ಲಕ್ಷ್ಮೀಧರ ಅಮಾತ್ಯನಿಗೆ ಅವನ ತಾಯಿ ಹೇಳಿದ ಮಾತು. ಒಂದೊಂದು ತುಂಡೂ ಒಂದೇ ಅಚ್ಚಿನದು, ಕೊನೆಗೆ ವಿಧಿ ಕ್ರಿಯಾಪದ, ಕೆಲಸ ಮಾತ್ರ ಬೇರೆ ಬೇರೆ. ಪದ್ಯದ ಕೊನೆಯಲ್ಲಿ ಇನ್ನೊಂದು ಜಾಣತನ ಇದೆ. ಹಾಲು ಎರೆಯುವಾಗಲೇ ತಾಯಿ ಈ ಮಾತನ್ನೂ ಕಿವಿಯಲ್ಲಿ ಎರೆದಳು ಅನ್ನುತ್ತದೆ ಪದ್ಯ. ಹಾಲಿಗೂ ಮಾತಿಗೂ ‘ಎರೆ’ ಅನ್ನುವ ಒಂದೇ ಕ್ರಿಯಾಪದ. ಇದಕ್ಕೆ ಯಾವ ಹೆಸರು ಅಂತ ತಲೆ ಕೆಡಿಸಿಕೊಳ್ಳದಿದ್ದರೂ ನಡೆಯುತ್ತದೆ. ಹೀಗೂ ಮಾಡಬಹುದು ಅಂತ ಕಂಡರೆ ಸಾಕು.

ಹೆಜ್ಜೆ 8: ದೋಷ ಆರಿಸುವುದು

ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಇದನ್ನು ನಿಧಾನಕ್ಕೆ ಮಾಡಿ. ಮೊದಲ ಕಲ್ಲು ಪುನರುಕ್ತಿ. ‘ಮತ್ತೆ ಪುನಃ’, ‘ನಡುಮಧ್ಯೆ’, ‘ವಿಂಧ್ಯಾಚಲ ಪರ್ವತ’. ಅಚಲ ಅಂದರೇ ಪರ್ವತ. ‘ಇಂದಿನ ಆಧುನಿಕ ಯುಗ’ ಕೂಡ ಅದೇ ಜಾತಿ. ಇಂದಿನದು ಆಧುನಿಕ ಆಗದೆ ಇನ್ನೇನು?

ಎರಡನೆಯದು ಅರಿಸಮಾಸ, ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹೊಂದಿಕೆ ನೋಡದೆ ಸಮಾಸಕ್ಕೆ ಕೂಡಿಸುವುದು. ಇಂದಿನ ಬರವಣಿಗೆಯಲ್ಲಿ ಇದಕ್ಕೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ, ಎಷ್ಟೋ ಅಂಥ ಪದಗಳು ಬಳಕೆಯಲ್ಲಿ ಪಳಗಿಹೋಗಿವೆ. ಆದರೆ 9ನೇ ಶತಮಾನದ ಕವಿರಾಜಮಾರ್ಗ ಇದನ್ನು ಬೈಯುವ ರೀತಿ ನೋಡಿ: ಅರಿಯದೆ ಹಾಗೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎನ್ನುತ್ತದೆ. ಅಡುಗೆಮನೆಯಿಂದ ಎತ್ತಿಕೊಂಡ ಉಪಮೆ. ಸಮಾನಧರ್ಮ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಹಾಲು ಒಡೆದದ್ದು ಕಣ್ಣಿಗೇ ಕಾಣುತ್ತದೆ. ನಿಯಮ ಮರೆತರೂ ಆ ಹಾಲು ಮರೆಯುವುದಿಲ್ಲ, ಅಲ್ವಾ?

ಕೊನೆಯ ಜರಡಿ ಔಚಿತ್ಯ. 11ನೇ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಇದರ ಮೇಲೇ ಒಂದು ಗ್ರಂಥ ಬರೆದ. ಸೊಂಟದ ಡಾಬನ್ನು ಕುತ್ತಿಗೆಗೆ, ಕುತ್ತಿಗೆಯ ಹಾರವನ್ನು ಸೊಂಟಕ್ಕೆ ಹಾಕಿಕೊಂಡರೆ ಯಾರು ನಗುವುದಿಲ್ಲ ಅನ್ನುವುದು ಅವನ ಮಾತು. ಡಾಬಿನಲ್ಲಿ ತಪ್ಪಿಲ್ಲ, ಜಾಗದಲ್ಲಿ ತಪ್ಪು. ಹುಣಸೆಮರದ ಉತ್ಪ್ರೇಕ್ಷೆಯನ್ನು ಹೂಳಿನ ಲೆಕ್ಕ ಹೇಳುವ ಪ್ಯಾರಾದಲ್ಲಿ ಇಟ್ಟರೆ ಹೀಗೇ ಆಗುತ್ತದೆ.

ಪರೀಕ್ಷೆಗೆ ಬರೆಯುವವರಿಗೆ ಒಂದು ಮಾತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆ 250 ಅಂಕದ್ದು, ಮೂರು ಗಂಟೆಯಲ್ಲಿ ಎರಡು ಪ್ರಬಂಧ, ಕನ್ನಡದಲ್ಲೂ ಬರೆಯಬಹುದು. ಅಲ್ಲಿ ಒಂದು ರಾತ್ರಿ ಬಿಟ್ಟು ತಿದ್ದುವ ಐಷಾರಾಮ ಇಲ್ಲ. ಹಾಗಾಗಿ 1ರಿಂದ 3ರವರೆಗಿನ ಹೆಜ್ಜೆಗಳನ್ನು ಕಚ್ಚಾ ಹಾಳೆಯಲ್ಲಿ ಮಾಡಿ, 8ನೆಯದನ್ನು ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ನಡುವಿನವು ಅಭ್ಯಾಸದಲ್ಲಿ ಕೈಗೆ ಬಂದಿದ್ದರೆ ತಾವಾಗಿ ಬರುತ್ತವೆ.

ಹೆಜ್ಜೆ 9: ಪೀಠಿಕೆ ಮತ್ತು ಉಪಸಂಹಾರ, ಎರಡೂ ಕೊನೆಗೆ

ಪೀಠಿಕೆಯನ್ನು ಮೊದಲು ಬರೆಯುವುದು ಮನೆ ಕಟ್ಟುವ ಮುಂಚೆ ಗೃಹಪ್ರವೇಶ ಮಾಡಿದಂತೆ. ಎಲ್ಲ ಬರೆದಾದ ಮೇಲೆ ಪ್ರಬಂಧದೊಳಗಿನ ಅತಿ ವಿಚಿತ್ರ ಸಂಗತಿಯನ್ನು ಎತ್ತಿ ಮುಂದಿಡಿ. ನಮಗಂತೂ ಅದು ಸಿದ್ಧವಾಗಿದೆ, ಬೆಂಕಿ ಬಿದ್ದ ಕೆರೆ. ಅಲ್ಲಿಂದ ಎರಡು ಮೂರು ಸಾಲಿನಲ್ಲಿ ನಮ್ಮೂರಿಗೆ ಬನ್ನಿ, ಪ್ರತಿಜ್ಞೆ ಹೇಳಿ.

ಉಪಸಂಹಾರದಲ್ಲಿ ‘ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸೋಣ’ ಅಂತ ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ನಿಗಮನ ಆಗಲೇ ಆಗಿದೆ. ಇಲ್ಲಿ ಬೇಕಾದದ್ದು ಧ್ವನಿ. 9ನೇ ಶತಮಾನದ ಆನಂದವರ್ಧನ ಕಾವ್ಯದ ಜೀವ ಅಂತ ಕರೆದದ್ದು ಇದನ್ನೇ, ಪದಗಳು ಹೇಳಿ ಮುಗಿಸಿದ ಮೇಲೂ ಹೊಳೆಯುತ್ತಾ ಉಳಿಯುವ ಅರ್ಥ. ‘ಹೊತ್ತು ಮುಳುಗಿತು’ ಅನ್ನಿ. ದನ ಕಾಯುವವನಿಗೆ ಮನೆಗೆ ಹೊರಡು ಅಂತ ಕೇಳುತ್ತದೆ, ಅಂಗಡಿಯವನಿಗೆ ದೀಪ ಹಚ್ಚು ಅಂತ ಕೇಳುತ್ತದೆ. ಪ್ರಬಂಧದ ಕೊನೆಯಲ್ಲಿ ಇದಕ್ಕೆ ಸುಲಭದ ದಾರಿ ಎಂದರೆ ಒಂದು ವಸ್ತುವನ್ನು ತೋರಿಸಿ ಸುಮ್ಮನಾಗುವುದು. ಆ ವಸ್ತು ಪ್ರಬಂಧದಲ್ಲಿ ಮುಂಚೆಯೇ ಬಂದಿರಬೇಕು. ನಮ್ಮಲ್ಲಿ ತೂಬಿನ ಕಂಬ ಇದೆ. ಮೇಷ್ಟ್ರ ಆ ಎರಡು ಪದ ಓದಿ ಎಷ್ಟೋ ವರ್ಷ ಆದ ಮೇಲೆ ನಾನು ಅದೇ ಪ್ರಬಂಧವನ್ನು ಮತ್ತೆ ಬರೆದೆ. ಒಂದೇ ಒಂದು ಉಪಮೆ ಉಳಿಸಿಕೊಂಡೆ, ಕಣಜದ್ದು. ಕೊನೆಯ ಪ್ಯಾರಾ ಹೀಗಿದೆ:

‘ತೂಬಿನ ಕಲ್ಲುಕಂಬದ ಮೇಲೆ ತುಂಬಿದ ಕೆರೆಯ ನೀರು ನಿಲ್ಲುತ್ತಿದ್ದ ಗೆರೆ ಇನ್ನೂ ಇದೆ. ಹೋದ ಬೇಸಿಗೆಯಲ್ಲಿ ಹೂಳಿನ ಮೇಲೆ ನಡೆದುಕೊಂಡು ಹೋಗಿ ಅದರ ಪಕ್ಕ ನಿಂತೆ. ಗೆರೆ ನನ್ನ ತಲೆಗಿಂತ ಒಂದು ಮೊಳ ಮೇಲಿತ್ತು.’